ಕರೆಂಟ್ ಹೋದ ರಾತ್ರಿ ಗಿಟಾರ್ ಸುಮ್ಮನಾಯಿತು

ನಮ್ಮ ಮನೆ ಕೊಡಗಿನ ನಾಪೋಕ್ಲುವಿನಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ ಇದೆ. ರಾತ್ರಿ ಎಂಟರ ಮೇಲೆ ಜೀರುಂಡೆಯನ್ನು ಬಿಟ್ಟರೆ ಬೇರೆ ಸದ್ದಿಲ್ಲ. ಇಂಥ ಜಾಗದಲ್ಲಿ ರೆಕಾರ್ಡಿಂಗ್‌ಗೆ ಗದ್ದಲದ ಕಾಟವೇ ಇರದು ಎಂದು ನಂಬಿ ಎಲೆಕ್ಟ್ರಿಕ್ ಗಿಟಾರನ್ನು ಲ್ಯಾಪ್‌ಟಾಪಿಗೆ ಜೋಡಿಸಿದೆ. ನಡುವೆ, ಗಿಟಾರಿನ ಸದ್ದನ್ನು ಕಂಪ್ಯೂಟರಿಗೆ ದಾಟಿಸಲು, ಒಂದು ಸಾಧಾರಣ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್. ವಾಲಗದ ತಾಳಕ್ಕೆ ಗಿಟಾರ್ ನುಡಿಸಿ ನೋಡುವ ಆಸೆ ಬಹಳ ದಿನದ್ದು. ಹೆಡ್‌ಫೋನ್ ಹಾಕಿಕೊಂಡು ಸ್ವರವನ್ನು ಬೇಕೆಂದೇ ಒರಟಾಗಿಸುವ ಡಿಸ್ಟಾರ್ಶನ್ ಏರಿಸಿದೆ, ಜೇನುಗೂಡಿಗೆ ಕಲ್ಲು ಹೊಡೆದಂತಾಯಿತು.

ಮೊದಲ ಎರಡು ತಿಂಗಳು ತಪ್ಪು ಕಡೆ ಹುಡುಕಿದೆ. ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಗದ್ದಲ ಕಡಿಮೆ ಮಾಡುವ ಸೌಲಭ್ಯವಿದೆ. ನುಡಿಸದೆ ಬಿಟ್ಟ ಒಂದೆರಡು ಸೆಕೆಂಡನ್ನು ಮಾದರಿಯಾಗಿ ತೋರಿಸಿದರೆ ಉಳಿದ ಕಡೆಯಿಂದಲೂ ಅದೇ ಸದ್ದನ್ನು ಕಳೆಯುತ್ತದೆ. ಕಳೆಯಿತು ನಿಜ, ಜೊತೆಗೆ ಸ್ವರದ ಬಾಲವನ್ನೂ ಕತ್ತರಿಸಿತು. ತಂತಿಯ ನಾದ ನೀರಿನಡಿಯಿಂದ ಬಂದಂತೆ ಗುಳುಗುಳು ಎನ್ನತೊಡಗಿತು. ಈಗಲೂ ಆ ಸೌಲಭ್ಯವನ್ನು ಬಳಸುತ್ತೇನೆ, ಆದರೆ ಕೊನೆಯಲ್ಲಿ, ಚಿಟಿಕೆಯಷ್ಟು ಮಾತ್ರ.

ಕಣ್ಣು ತೆರೆಸಿದ್ದು ಜುಲೈ ತಿಂಗಳ ಒಂದು ರಾತ್ರಿ. ಎಲ್ಲೋ ಮರ ಬಿದ್ದು ಲೈನ್ ಹೋಗಿತ್ತು. ಇನ್ವರ್ಟರ್ ಬ್ಯಾಟರಿಯೂ ಸಂಜೆಗೇ ಸುಸ್ತಾಗಿತ್ತು. ಲ್ಯಾಪ್‌ಟಾಪಿನಲ್ಲಿ ಗಂಟೆಯಷ್ಟು ಚಾರ್ಜ್ ಉಳಿದಿತ್ತು. ಬೇಸರ ಕಳೆಯಲು ಮೇಣದಬತ್ತಿ ಹಚ್ಚಿ ಗಿಟಾರ್ ಎತ್ತಿಕೊಂಡೆ. ಹೆಡ್‌ಫೋನಿನಲ್ಲಿ ಏನೂ ಇಲ್ಲ! ಕೇಬಲ್ ಬಿಚ್ಚಿಕೊಂಡಿದೆಯೆಂದು ತಂತಿ ಮೀಟಿದರೆ ಸ್ವರ ಸ್ವಚ್ಛವಾಗಿ ಬಂತು. ಅದೇ ಗಿಟಾರ್, ಅದೇ ಇಂಟರ್‌ಫೇಸ್, ಅದೇ ಡಿಸ್ಟಾರ್ಶನ್. ಉಳಿದಿದ್ದು ಸಣ್ಣ ‘ಸ್ಸ್’ ಮಾತ್ರ. ಗದ್ದಲ ಕಂಪ್ಯೂಟರಿನೊಳಗೆ ಹುಟ್ಟುತ್ತಿರಲಿಲ್ಲ, ಮನೆಯ ಗೋಡೆಗಳೊಳಗಿನಿಂದ ಬರುತ್ತಿತ್ತು.

ಕರೆಂಟ್ ಬಂದ ಮೇಲೆ ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿದೆ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಇಟ್ಟು, ನಾನು ಹೆಡ್‌ಫೋನ್ ಹಾಕಿ ಕುಳಿತೆ. ತಮ್ಮ ಒಂದೊಂದೇ ಸ್ವಿಚ್ ಹಾಕುತ್ತ ಹೋದ. ನಡುಮನೆಯ ಫ್ಯಾನಿನ ಹಳೆಯ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಎರಡು, ಮೂರರಲ್ಲಿ ಗರಗಸದಂತೆ ಕೊರೆಯುತ್ತಿತ್ತು. ಪೂರ್ತಿ ತಿರುಗಿಸಿದರೆ ತೆಪ್ಪಗಾಗುತ್ತಿತ್ತು. ಅದು ಕರೆಂಟಿನ ಪ್ರತಿ ಅಲೆಯನ್ನೂ ಕತ್ತರಿಸಿ ವೇಗ ಇಳಿಸುತ್ತದೆ, ಆ ಕತ್ತರಿಯ ಸದ್ದೇ ಗಿಟಾರಿಗೆ ಕೇಳುತ್ತದೆ. ಮೆಟ್ಟಿಲ ಕೆಳಗಿನ ಇನ್ವರ್ಟರ್ ಇನ್ನೂ ಒರಟು. ಚೌಕಾಕಾರದ ಅಲೆ ಕೊಡುವ ಅಗ್ಗದ ಇನ್ವರ್ಟರಿನಲ್ಲಿ ಕರೆಂಟಿನ ಮೂಲ ಕಂಪನವಾದ 50 ಹರ್ಟ್ಜ್ ಜೊತೆಗೆ 150, 250, 350 ಎಂದು ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಬರುತ್ತಾರೆ.

ಕೊನೆಗೆ ಲ್ಯಾಪ್‌ಟಾಪಿನ ಅಡಾಪ್ಟರ್ ಚುಚ್ಚಿದೆವು. ಜೇನುಗೂಡು ಮರಳಿ ಬಂತು. ಗಿಟಾರಿನ ತಂತಿಯ ಮೇಲೆ ಬೆರಳಿನ ಹಿಂಭಾಗ ಸವರಿದರೆ ಚುಮುಚುಮು ಎನ್ನುತ್ತಿತ್ತು. ಟೆಸ್ಟರ್ ತಂದು ತಂತಿಗೆ ತಾಗಿಸಿದರೆ ಒಳಗಿನ ಪುಟ್ಟ ದೀಪ ಮಂಕಾಗಿ ಹೊತ್ತಿತು. ಮೈ ಜುಂ ಎಂದಿತು. ಇಷ್ಟು ದಿನ ಇದನ್ನೇ ಮಡಿಲಲ್ಲಿಟ್ಟುಕೊಂಡು ನುಡಿಸಿದ್ದೆ.

ಗೋಣಿಕೊಪ್ಪದಿಂದ ಬಂದ ವೈರಿಂಗ್ ಕೆಲಸದವರು ಸಾಕೆಟ್ ಬಿಚ್ಚಿ ನೋಡಿ, “ಸರ್, ಮೂರನೇ ತೂತು ಬರೀ ಶೋಭೆಗೆ ಇದೆ” ಎಂದರು. ನೆಲಕ್ಕೆ ಇಳಿಯಬೇಕಾದ ಹಸಿರು ಅರ್ಥ್ ತಂತಿಯನ್ನು ಯಾರೋ ಗೋಡೆಯೊಳಗೇ ಕತ್ತರಿಸಿ ಬಿಟ್ಟಿದ್ದರು. ಅರ್ಥ್ ಇಲ್ಲದಿದ್ದಾಗ ಅಡಾಪ್ಟರಿನ ಫಿಲ್ಟರಿನಿಂದ ಸೋರುವ ಅಲ್ಪ ಕರೆಂಟಿಗೆ ಹೋಗಲು ದಾರಿಯಿಲ್ಲ. ಲ್ಯಾಪ್‌ಟಾಪ್, ಇಂಟರ್‌ಫೇಸ್, ಕೇಬಲ್ ದಾಟಿ ಗಿಟಾರಿನ ತಂತಿಗೇ ಬರುತ್ತದೆ. ಅಡುಗೆಮನೆಯ ಹಿಂದೆ ಗುಂಡಿ ತೋಡಿ, ಸತು ಲೇಪಿಸಿದ ಜಿಐ ಪೈಪ್ ನಿಲ್ಲಿಸಿ, ಇದ್ದಿಲು, ಉಪ್ಪು ತುಂಬಿ, ಅಲ್ಲಿಂದ ಹೊಸ ತಂತಿ ಎಳೆದೆವು. ಟೆಸ್ಟರ್ ಕಣ್ಣು ಮುಚ್ಚಿತು. ನಾನು ಅಳೆದಂತೆ, ನುಡಿಸದೆ ಇದ್ದಾಗ ಮೈನಸ್ 45 ಡೆಸಿಬೆಲ್ ತೋರಿಸುತ್ತಿದ್ದ ಮೀಟರ್ ಮೈನಸ್ 62ಕ್ಕೆ ಇಳಿಯಿತು. ಮಳೆ ನಿಂತು ಮಣ್ಣು ಒಣಗಿದ ಮೇಲೆ, ಮಾರ್ಚ್ ತಿಂಗಳಲ್ಲಿ ಆ ಗುಂಡಿಗೆ ಎರಡು ಬಿಂದಿಗೆ ನೀರು ಸುರಿಯುತ್ತೇವೆ.

ಹಮ್, ಅಂದರೆ ಈ ಗುಂಯ್ ಸದ್ದು, ಹೋಗಲು ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹಾಕು ಎಂಬ ಸಲಹೆಯನ್ನು ಹಲವರು ಕೊಟ್ಟಿದ್ದರು. ದಯವಿಟ್ಟು ಮುರಿಯಬೇಡಿ. ಆಂಪ್ಲಿಫೈಯರ್ ಒಂದು ಸಾಕೆಟ್‌ನಲ್ಲಿ, ಲ್ಯಾಪ್‌ಟಾಪ್ ಇನ್ನೊಂದರಲ್ಲಿ ಇದ್ದು ಎರಡೂ ಕೇಬಲಿನಿಂದ ಕೂಡಿಕೊಂಡರೆ ಅರ್ಥ್ ತಂತಿಯೇ ಒಂದು ಬಳೆಯಾಗಿ ಗುಂಯ್‌ಗುಟ್ಟುತ್ತದೆ, ಅದು ಬೇರೆ ಕಥೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಿದಾಗ ನನ್ನ ಮಟ್ಟಿಗೆ ಅದು ಮುಗಿಯಿತು. ಅದಕ್ಕೂ ಬಗ್ಗದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ, ಸ್ವರವನ್ನು ಮಾತ್ರ ದಾಟಿಸಿ ಆ ಬಳೆಯನ್ನು ಮುರಿಯುವ ಡಿಐ ಬಾಕ್ಸ್ ಇದೆ. ಜೀವ ಕಾಯುವ ಪಿನ್ನಿನ ತಂಟೆ ಬೇಡ.

ಇಷ್ಟಾದರೂ ತಗ್ಗು ಸ್ವರದ ‘ಹೂಂ’ ಉಳಿಯಿತು. ಅದು ನನ್ನ ಗಿಟಾರಿನ ಹುಟ್ಟುಗುಣ. ತಂತಿಯ ಕಂಪನವನ್ನು ಹಿಡಿಯುವ ಭಾಗವೇ ಪಿಕಪ್. ಸಿಂಗಲ್ ಕಾಯಿಲ್ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ. ತಂತಿವಾದ್ಯವೆಂದೂ ಟ್ರಾನ್ಸ್‌ಫಾರ್ಮರೆಂದೂ ಭೇದವೆಣಿಸದೆ ಎಲ್ಲವನ್ನೂ ಹಿಡಿಯುತ್ತದೆ. ಗಿಬ್ಸನ್ ಕಂಪನಿಯಲ್ಲಿ ಸೇತ್ ಲವರ್ 1955ರಲ್ಲಿ ರೂಪಿಸಿದ ಹಂಬಕರ್ ಪಿಕಪ್ಪಿನಲ್ಲಿ ಎರಡು ಕಾಯಿಲ್‌ಗಳು ಒಂದಕ್ಕೊಂದು ತಿರುವುಮುರುವಾಗಿದ್ದು, ಹೊರಗಿನ ಹಮ್ ಪರಸ್ಪರ ಕಳೆದುಹೋಗುತ್ತದೆ, ತಂತಿಯ ನಾದ ಕೂಡಿಕೊಳ್ಳುತ್ತದೆ. ನನ್ನದು ಮೂರು ಸಿಂಗಲ್ ಕಾಯಿಲ್‌ಗಳ ಗಿಟಾರ್. ನಡುವಿನದನ್ನು ತಿರುವುಮುರುವಾಗಿ ಸುತ್ತಿರುವುದರಿಂದ ಪಿಕಪ್ ಬದಲಿಸುವ ಸ್ವಿಚ್ಚಿನ ಎರಡು ಮತ್ತು ನಾಲ್ಕನೇ ಸ್ಥಾನದಲ್ಲಿ, ನಡುವಿನದು ಇನ್ನೊಂದರೊಡನೆ ಕೂಡಿದಾಗ, ಅದೇ ಲಾಭ ಸಿಗುತ್ತದೆ. ಬೇರೆ ಸ್ಥಾನ ಬೇಕಾದಾಗ ಕುರ್ಚಿಯನ್ನೇ ತಿರುಗಿಸುತ್ತೇನೆ. ಯಾವುದೋ ಒಂದು ಕೋನದಲ್ಲಿ ಹಮ್ ಬಹುತೇಕ ಅಡಗುತ್ತದೆ. ನನ್ನ ಕೋಣೆಯಲ್ಲಿ ಅದು ಭಾಗಮಂಡಲದ ದಿಕ್ಕು, ಕಾವೇರಮ್ಮನ ಕೃಪೆ ಎಂದು ತಮ್ಮ ಹಾಸ್ಯ ಮಾಡುತ್ತಾನೆ.

ಗಿಟಾರಿನ ಒಳಗೂಡಿಗೆ ತಾಮ್ರದ ಟೇಪ್ ಅಂಟಿಸಿ, ಅದನ್ನು ಗ್ರೌಂಡಿಗೆ ಬೆಸುಗೆ ಹಾಕಿದೆ. ಬೆರಳು ಸುಟ್ಟುಕೊಂಡಿದ್ದಕ್ಕೆ ಸಿಕ್ಕಿದ ಫಲ ಅರ್ಧ. ತಾಮ್ರ ಗೀಚುಗೀಚಾದ ಬಜ್ ಅನ್ನು ತಡೆಯುತ್ತದೆ, 50 ಹರ್ಟ್ಜ್‌ನ ಕಾಂತೀಯ ಹಮ್ಮನ್ನು ತಡೆಯುವುದಿಲ್ಲ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು. ಮಳೆಗಾಲದಲ್ಲಿ ವಾಲ್ಯೂಮ್ ತಿರುಪು ತಿರುಗಿಸಿದಾಗ ಬರುವ ಕರಕರ ಬೇರೆ ರೋಗ, ತೇವದ್ದು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತು ಸಲ ತಿರುಗಿಸಿದರೆ ವಾಸಿ.

‘ಸ್ಸ್’ ಸದ್ದಿಗೆ ಕಾರಣ ನಾನೇ. ಇಂಟರ್‌ಫೇಸಿನ ಗುಂಡಿ, ಆಗಲೇ ಬಲವಾಗಿರುವ ಸದ್ದಿಗೆಂದು ಇರುವ ‘ಲೈನ್’ ಸ್ಥಾನದಲ್ಲಿ ಇತ್ತು. ಗಿಟಾರಿಗೆ ಬೇಕಾದದ್ದು ಇನ್‌ಸ್ಟ್ರುಮೆಂಟ್. ಸ್ವರ ಮಂಕಾದದ್ದನ್ನು ಸರಿದೂಗಿಸಲು ಒಳಬರುವ ಸದ್ದನ್ನು ಹಿಗ್ಗಿಸುವ ಗೇನ್ ಏರಿಸಿ ಏರಿಸಿ ಕಸವನ್ನೂ ಏರಿಸಿದ್ದೆ. ಈಗ ಗಿಟಾರಿನ ವಾಲ್ಯೂಮ್ ಪೂರ್ತಿ ಇಟ್ಟು, ಜೋರಾಗಿ ಬಾರಿಸಿದಾಗ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸು ಮುಟ್ಟುವಂತೆ 24 ಬಿಟ್‌ನಲ್ಲಿ ರೆಕಾರ್ಡ್ ಮಾಡುತ್ತೇನೆ. ಸದ್ದು ಒಂದು ಮಟ್ಟಕ್ಕಿಂತ ಇಳಿದಾಗ ಬಾಗಿಲು ಮುಚ್ಚುವ ನಾಯ್ಸ್ ಗೇಟನ್ನು ಡಿಸ್ಟಾರ್ಶನ್ನಿಗಿಂತ ಮೊದಲು ಇಡುತ್ತೇನೆ. ಡಿಸ್ಟಾರ್ಶನ್ ಆದ ಮೇಲೆ ಸ್ವರಕ್ಕೂ ಗದ್ದಲಕ್ಕೂ ಎತ್ತರದ ವ್ಯತ್ಯಾಸ ಕುಗ್ಗಿರುತ್ತದೆ, ಗೇಟಿಗೆ ಯಾರು ಮನೆಯವರು, ಯಾರು ಕಳ್ಳರು ಎಂದು ತಿಳಿಯುವುದಿಲ್ಲ.

ಫ್ರಿಜ್ ಶುರುವಾದಾಗ ಬರುವ ‘ಟಪ್’ಗೆ ಮಾತ್ರ ಮದ್ದು ಸಿಗಲಿಲ್ಲ. ರೆಕಾರ್ಡಿಂಗ್ ಹೊತ್ತಿಗೆ ಅದನ್ನು ಆರಿಸುತ್ತೇನೆ. ಒಮ್ಮೆ ಮರೆತು ಮಲಗಿ, ಮರುದಿನದ ನೆಂಟರಿಗೆಂದು ತಂದಿದ್ದ ಎರಡು ಕಿಲೋ ಹಂದಿಮಾಂಸ ಹಾಳಾಯಿತು. ಅಮ್ಮ ವಾರವಿಡೀ ಮಾತಾಡಲಿಲ್ಲ. ಅಂದಿನಿಂದ ಫ್ರಿಜ್ ಆರಿಸುವಾಗ ಜೀಪಿನ ಕೀಲಿಯನ್ನು ಅದರೊಳಗೇ ಇಡುತ್ತೇನೆ.