ಮಿಷನ್ ಕೆಟ್ಟಿದೆ ಅಂತ ಸುಳ್ಳು ಹೇಳಿದ್ದೆ

ಮಂಡ್ಯದ ಗುತ್ತಲಿನಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಬ್ಲೌಸು, ಚೂಡಿದಾರ್ ಹೊಲಿಯುತ್ತೇನೆ. ಎರಡನೇ ಸಲ ಬಸುರಿ ಅಂತ ಗೊತ್ತಾದಾಗ ಖುಷಿಗಿಂತ ಮೊದಲು ಬಂದದ್ದು ಭಯ. ಮೊದಲನೆಯದು ಹತ್ತನೇ ವಾರಕ್ಕೇ ಹೋಗಿತ್ತು.

ದಿನಕ್ಕೆ ಇಪ್ಪತ್ತು ಸಲ ಬಚ್ಚಲಿಗೆ ಹೋಗುತ್ತಿದ್ದೆ, ರಕ್ತ ಕಾಣಿಸಿದೆಯಾ ಅಂತ ನೋಡೋಕೆ. ಇಲ್ಲ ಅಂದರೆ ಐದು ನಿಮಿಷ ಸಮಾಧಾನ, ಆಮೇಲೆ ಮತ್ತೆ ಅದೇ. ಅದೇ ಸಮಯಕ್ಕೆ ಪಕ್ಕದ ಬೀದಿಯ ಒಬ್ಬರು ಮಗಳ ಮದುವೆಗೆ ಕೆಂಪು ರೇಷ್ಮೆ ಬ್ಲೌಸ್ ಪೀಸ್ ತಂದುಕೊಟ್ಟರು. ಮೇಜಿನ ಮೇಲೆ ಹರಡಿದೆ. ಕತ್ತರಿ ಹಿಡಿದ ಕೈ ನಡುಗಿತು. ಆ ಬಣ್ಣ ನೋಡೋಕೇ ಆಗಲಿಲ್ಲ. ಮಿಷನ್ ಕೆಟ್ಟಿದೆ ಅಂತ ಸುಳ್ಳು ಹೇಳಿ ವಾಪಸ್ ಕೊಟ್ಟೆ.

ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು, "ಅಳಬೇಡ ಕಣೆ, ಮಗೂಗೆ ಆಗಲ್ಲ." ಒಳ್ಳೆ ಮನಸ್ಸಿನಿಂದಲೇ ಹೇಳುತ್ತಿದ್ದರು. ಆದರೆ ನನಗೆ ಅತ್ತುಬಿಟ್ಟೆನಲ್ಲಾ ಅಂತ ಇನ್ನೊಂದು ಭಯ ಶುರುವಾಯಿತು, ಆ ಭಯಕ್ಕೆ ಮತ್ತೆ ಅಳು. ನಲ್ಲಿ ಬಿಟ್ಟುಕೊಂಡು ಅಳೋದು ಕಲಿತೆ. ಸ್ಕ್ಯಾನಿಂಗ್‌ಗೆ ಹೋದ ಕಡೆ, ಎದೆಬಡಿತ ಇದೆಯಾ ಅಂತ ಎರಡು ಸಲ ಕೇಳಿದ್ದಕ್ಕೆ, "ಇಷ್ಟು ಹೆದರೋಳು ಯಾಕಮ್ಮ ಬಸುರಿಯಾದೆ?" ಅಂದರು. ಆಮೇಲೆ ಯಾರನ್ನೂ ಏನೂ ಕೇಳಲಿಲ್ಲ.

ಗಮನಿಸಿದ್ದು ನಮ್ಮ ಆಶಾ ಕಾರ್ಯಕರ್ತೆ ಅಕ್ಕ. ತಾಯಿ ಕಾರ್ಡ್ ನೋಡೋಕೆ ಬಂದವರು ತೂಕ ಇಳಿದಿದ್ದನ್ನು ನೋಡಿದರು, ಕಬ್ಬಿಣದ ಮಾತ್ರೆಯ ಸ್ಟ್ರಿಪ್ ಹಾಗೇ ಇದ್ದದ್ದನ್ನೂ ನೋಡಿದರು. ಬೈಯಲಿಲ್ಲ. "ರಾತ್ರಿ ನಿದ್ದೆ ಬರುತ್ತಾ?" ಅಂದರು. ಅಷ್ಟು ದಿನದಲ್ಲಿ ಹಾಗೆ ಕೇಳಿದ್ದು ಅವರೊಬ್ಬರೇ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆ ದಿನ ಜೊತೆಗೇ ಬಂದರು.

ಡಾಕ್ಟರ್ ಮೊದಲು ರಕ್ತ ಪರೀಕ್ಷೆ ಬರೆದರು. ರಕ್ತ ಕಮ್ಮಿ ಇದ್ದರೂ, ಥೈರಾಯ್ಡ್ ಏರುಪೇರಾದರೂ ಸುಸ್ತು, ಬೇಜಾರು ಎಲ್ಲ ಆಗುತ್ತದಂತೆ. ಬಸುರಿಗೆ ಹಿಮೋಗ್ಲೋಬಿನ್ 11 ಇರಬೇಕು, ನನ್ನದು 9.4 ಇತ್ತು. ಥೈರಾಯ್ಡ್ ಸರಿಯಾಗಿತ್ತು. (ಮಾತ್ರೆ ನುಂಗಿದ ತಕ್ಷಣ ಕಾಫಿ ಕುಡಿಯಬಾರದು, ಕಬ್ಬಿಣ ಮೈಗೆ ಸರಿಯಾಗಿ ಹಿಡಿಯಲ್ಲ. ನುಂಗುತ್ತಿದ್ದ ದಿನಗಳಲ್ಲಿ ನಾನು ಅದನ್ನೇ ಮಾಡುತ್ತಿದ್ದೆ.)

ಆಮೇಲೆ ಕನ್ನಡದಲ್ಲಿ ಹತ್ತು ಪ್ರಶ್ನೆ ಇದ್ದ ಒಂದು ಹಾಳೆ ಕೊಟ್ಟರು. ಹಿಂದಿನ ಏಳು ದಿನ ಹೇಗಿದ್ದೆ ಅಂತ ಗುರುತು ಹಾಕಬೇಕು. ಎಡಿನ್‌ಬರೋ ಸ್ಕೇಲ್ ಅನ್ನುತ್ತಾರೆ. 1987ರಲ್ಲಿ ಬಾಣಂತಿಯರಿಗೆ ಅಂತ ಮಾಡಿದ್ದು, ಈಗ ಬಸುರಿಯರಿಗೂ ಬಳಸುತ್ತಾರೆ. ಕೊನೆಯ ಪ್ರಶ್ನೆ, ನನಗೆ ನಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಅಂತ. ಇಲ್ಲ ಅಂತ ಹಾಕಿದೆ, ನಿಜವಾಗಿಯೂ ಇರಲಿಲ್ಲ. ನನ್ನ ಪೆನ್ನು ನಿಂತದ್ದು ಮೂರನೆಯದರಲ್ಲಿ: ಏನಾದರೂ ಕೆಟ್ಟದ್ದಾದಾಗ ಸುಮ್ನೆ ನನ್ನನ್ನೇ ದೂರಿಕೊಂಡಿದ್ದೇನಾ?

ಒಟ್ಟು 30ಕ್ಕೆ 17 ಬಂತು. 13 ಅಥವಾ ಜಾಸ್ತಿ ಬಂದರೆ ಕಾಯಿಲೆ ಅಂತಲ್ಲ, ಕೂತು ಸರಿಯಾಗಿ ಮಾತಾಡಿಸಬೇಕು ಅಂತ ಅರ್ಥ. ಡಾಕ್ಟರ್ ಆ ಮೂರನೇ ಪ್ರಶ್ನೆಯನ್ನೇ ತೋರಿಸಿ, "ಏನಂತ ದೂರಿಕೋತೀಯಮ್ಮ?" ಅಂದರು. ಬಾಯಿಗೆ ಬಂದೇಬಿಟ್ಟಿತು. "ನಾನು ಮಿಷನ್ ತುಳಿದಿದ್ದಕ್ಕೇ ಮೊದಲನೇದು ಹೋಯ್ತು ಡಾಕ್ಟ್ರೇ." ಆಗ ಯಾರೋ ನೆಂಟರು ಅಂದಿದ್ದ ಮಾತು. ಗಂಡನಿಗೂ ಹೇಳದೆ ಇಟ್ಟುಕೊಂಡಿದ್ದೆ. ಮೊದಲ ತಿಂಗಳುಗಳಲ್ಲಿ ಹೋಗುವ ಬಸುರಿನಲ್ಲಿ ಜಾಸ್ತಿ ಪಾಲು ಭ್ರೂಣದ ಕ್ರೋಮೋಸೋಮ್ ದೋಷದಿಂದಲೇ ಹೋಗೋದು, ನೀನು ಹೊಲಿದಿದ್ದಕ್ಕಲ್ಲ ಅಂತ ಅವರು ಹಾಳೆಯ ಹಿಂದೆ ಚಿತ್ರ ಬರೆದು ಹೇಳಿದರು. ಅಲ್ಲೇ ಜೋರಾಗಿ ಅತ್ತೆ. ನಲ್ಲಿ ಬಿಡಲಿಲ್ಲ.

ಅವರು ಮನೋವೈದ್ಯ ವಿಭಾಗದ ಆಪ್ತಸಮಾಲೋಚಕರ ಹತ್ತಿರ ಕಳಿಸಿದರು. ಭಯವನ್ನು ಓಡಿಸೋಕೆ ಹೋಗಬೇಡ, ಅದಕ್ಕೊಂದು ಟೈಮ್ ಕೊಡು ಅಂದರು ಆಪ್ತಸಮಾಲೋಚಕರು. ಸಂಜೆ ಐದರಿಂದ ಹದಿನೈದು ನಿಮಿಷ. ನಾನು ಗಿರಾಕಿಗಳ ಅಳತೆ ಪುಸ್ತಕವನ್ನೇ ತಿರುಗಿಸಿ ಹಿಂದಿನಿಂದ ಬರೆಯೋಕೆ ಶುರುಮಾಡಿದೆ. ಮುಂದೆ ಎದೆ 36, ತೋಳು 10. ಹಿಂದೆ "ಸೊಂಟ ನೋಯ್ತಿದೆ, ಏನೋ ಆಗಿದೆ." ಬೆಳಗ್ಗೆ ಹನ್ನೊಂದಕ್ಕೇ ಭಯ ಬಂದರೆ ಮೇಜಿನ ಅಂಚಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಐದಕ್ಕೆ ನೋಡ್ಕೋತೀನಿ ಅಂತ ಕೆಲಸಕ್ಕೆ ಕೂರೋದು. ಮೊದಲ ದಿನ 31 ಗೆರೆ. ಐದು ಗಂಟೆಗೆ ಕೂತರೆ ಅದರಲ್ಲಿ ಅರ್ಧ ಯಾವುದಕ್ಕೆ ಎಳೆದದ್ದು ಅಂತಲೇ ನೆನಪಿಲ್ಲ! ಬರೆದಾದ ಮೇಲೆ ಒದ್ದೆ ಬಟ್ಟೆಯಲ್ಲಿ ಮೇಜು ಒರೆಸುತ್ತಿದ್ದೆ. ಒಂದು ತಿಂಗಳಲ್ಲಿ ಎಂಟು ಒಂಬತ್ತಕ್ಕೆ ಇಳಿಯಿತು. ಸೊನ್ನೆ ಅಂತೂ ಯಾವತ್ತೂ ಆಗಲಿಲ್ಲ.

ಒಂದು ವಿಷಯ ಮಾತ್ರ ಅವರು ಕಟ್ಟುನಿಟ್ಟಾಗಿ ಹೇಳಿದ್ದರು. ರಕ್ತ ಹೋದರೆ, ಹೊಟ್ಟೆ ಜೋರು ನೋವಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮಗು ಆಡೋದು ಕಮ್ಮಿಯಾದರೆ ಪುಸ್ತಕದಲ್ಲಿ ಬರೆಯೋ ಹಾಗಿಲ್ಲ, ನೇರ ಆಸ್ಪತ್ರೆಗೆ. ಆ ನಾಲ್ಕನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದೆ. ಮಿಕ್ಕ ಸಣ್ಣಪುಟ್ಟ ಭಯಗಳು ಐದರ ತನಕ ಕಾಯಬಹುದು ಅಂತ ಗೊತ್ತಾದದ್ದೇ ಅರ್ಧ ಔಷಧಿ.

ನನಗೆ ಮನಸ್ಸಿಗೆ ಅಂತ ಕೊಡುವ ಮಾತ್ರೆ ಬೇಕಾಗಲಿಲ್ಲ. ಆದರೆ ಅಲ್ಲಿ ಬೆಂಚಿನ ಮೇಲೆ ಸಿಕ್ಕ ಒಬ್ಬ ಹುಡುಗಿ, ಬಸುರಿ ಅಂತ ಗೊತ್ತಾದ ದಿನವೇ ತನ್ನ ಮಾತ್ರೆ ತಾನೇ ನಿಲ್ಲಿಸಿ ತುಂಬಾ ಹದಗೆಟ್ಟು ಬಂದಿದ್ದಳು. ಬಸುರಿನಲ್ಲಿ ಕೊಡಬಹುದಾದ ಮಾತ್ರೆಗಳೂ ಇವೆ. ಮುಂದುವರಿಸೋದಾ, ಬದಲಾಯಿಸೋದಾ ಅನ್ನೋದನ್ನು ಡಾಕ್ಟರಿಗೇ ಬಿಡಬೇಕು.

ರಾತ್ರಿ ಫೋನು ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ. ಗೂಗಲ್ ನೋಡೋದು ಬಂದ್. ಒಂದೇ ಒಂದು ಸಲ ರಾತ್ರಿ ಎರಡಕ್ಕೆ ಎದ್ದು ತಗೊಂಡೆ, 14416ಕ್ಕೆ ಮಾಡೋಕೆ. ಟೆಲಿ ಮಾನಸ್ ಅಂತ, ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇಪ್ಪತ್ತು ನಿಮಿಷ ಮಾತಾಡಿ ಮಲಗಿದೆ.

ಆಪ್ತಸಮಾಲೋಚಕರ ಹತ್ತಿರ ಎರಡನೇ ಸಲ ಹೋದಾಗ ಅತ್ತೆಯನ್ನೂ ಕರಕೊಂಡು ಹೋಗಿದ್ದೆ. ಅಲ್ಲಿ ಅವರು ಏನೂ ಮಾತಾಡಲಿಲ್ಲ. ಮಾರನೇ ದಿನ ಐದು ಗಂಟೆಗೆ ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. "ಅಳು ಬಂದ್ರೆ ಅತ್ಕೋ. ನಾನು ಕಾಯಿ ಬಿಡಿಸ್ತಿರ್ತೀನಿ," ಅಂದರು. ಅವರೆ ಮುಗಿಯುವ ತನಕ ದಿನಾ ಹಾಗೇ ನಡೆಯಿತು.

ಹೆರಿಗೆಯಾಗಿ ಆರು ವಾರಕ್ಕೆ ಅದೇ ಹತ್ತು ಪ್ರಶ್ನೆ ಮತ್ತೆ ಕೊಟ್ಟರು. 8 ಬಂತು. ಮಿಷನ್ ಮುಂದೆ ಕೂತ ಮೇಲೆ ಆ ಕೆಂಪು ಬ್ಲೌಸಿನವರು ಸಿಕ್ಕರು. ಅವತ್ತು ಮಿಷನ್ ಕೆಟ್ಟಿರಲಿಲ್ಲ ಅಂತ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಎರಡನೇದ್ರಲ್ಲಿ ಹಿಂಗೇ ಆಗಿತ್ತು, ಆಗ ಯಾರಿಗಮ್ಮ ಹೇಳೋದು" ಅಂದರು. ಆಮೇಲೆ ಚೀಲದಿಂದ ಅದೇ ಬ್ಲೌಸ್ ತೆಗೆದು, ಬೇರೆ ಕಡೆ ಹೊಲಿಸಿದ್ದು ತೋಳು ಬಿಗಿಯಾಗಿದೆ, ಒಂದಿಂಚು ಬಿಚ್ಚಿಕೊಡು ಅಂದರು.