ಪಿರಮಿಡ್‌ಗೆ ಒಂದೇ ದಿನ ಇದ್ದರೆ ಗೀಜಾ ಕೊನೆಗಿರಲಿ

ಕೈರೋಗೆ ಹೋದವರು ಪಿರಮಿಡ್‌ಗೆ ಅಂತ ಸಾಮಾನ್ಯವಾಗಿ ಒಂದೇ ದಿನ ಇಟ್ಟುಕೊಂಡಿರುತ್ತಾರೆ. ಆ ಒಂದು ದಿನದ ಟೂರ್ ಹೇಗಿರುತ್ತದೆ ಅಂದರೆ, ಬೆಳಗ್ಗೆ ಎದ್ದ ಕೂಡಲೇ ಎಲ್ಲರಿಗೂ ಗೊತ್ತಿರುವ ದೊಡ್ಡ ಪಿರಮಿಡ್‌ಗಳ ಗೀಜಾ, ಆಮೇಲೆ ಒಂದು ಪಪೈರಸ್ (ಜೊಂಡಿನಿಂದ ಮಾಡುವ ಹಳೇ ಕಾಲದ ಕಾಗದ) ಅಂಗಡಿ, ಒಂದು ಅತ್ತರ್ ಅಂಗಡಿ, ಊಟ, ಮಿಕ್ಕ ಹೊತ್ತಲ್ಲಿ ಓಡೋಡಿ ಸಕ್ಕಾರ. ನಾನೂ ಮೊದಲ ಸಲ ಹೀಗೇ ಹೋಗಿದ್ದೆ. ಗೀಜಾ ನೋಡಿ ಬಂದ ಕಣ್ಣಿಗೆ ಸಕ್ಕಾರದ ಮೆಟ್ಟಿಲು ಪಿರಮಿಡ್ 'ಇಷ್ಟೇನಾ' ಅನ್ನಿಸಿಬಿಟ್ಟಿತು. ಎರಡನೇ ಸಲ ಉಲ್ಟಾ ಹೋದೆ. ಸಕ್ಕಾರ, ಅದರ ಹತ್ತಿರದ ಇನ್ನೊಂದು ಪಿರಮಿಡ್ ಜಾಗ ದಹಶೂರ್, ಕೊನೆಗೆ ಗೀಜಾ. ಪಿರಮಿಡ್‌ಗಳು ಕಟ್ಟಿದ್ದೂ ಇದೇ ಕ್ರಮದಲ್ಲಿ. ಹಾಗೆ ನೋಡಿದರೆ ಗೈಡ್ ಬಾಯಿ ಬಿಡುವ ಮೊದಲೇ ಅರ್ಧ ಕಥೆ ನಿಮಗೇ ಗೊತ್ತಾಗುತ್ತದೆ.

ಈ ಕ್ರಮಕ್ಕೆ ದೊಡ್ಡ ಬಸ್ಸಿನ ಗುಂಪು ಟೂರ್ ಒಗ್ಗುವುದಿಲ್ಲ. ನಿಮ್ಮೊಬ್ಬರಿಗಾಗಿ ಅವರು ದಾರಿ ಬದಲಿಸುವುದಿಲ್ಲ ಅಲ್ವಾ. ಒಂದು ಕಾರು, ಡ್ರೈವರ್, ಲೈಸೆನ್ಸ್ ಇರುವ ಗೈಡ್, ಇಷ್ಟು ಬೇಕು. ಮೂರ್ನಾಲ್ಕು ಜನ ಸೇರಿದರೆ ಹೊರೆ ಅನ್ನಿಸುವುದಿಲ್ಲ. ದುಡ್ಡು ಕೊಡುವ ಮೊದಲೇ ಮೆಸೇಜಿನಲ್ಲಿ ಕೇಳಿ: ಟಿಕೆಟ್ ಇದರಲ್ಲೇ ಸೇರಿದೆಯಾ, ದಹಶೂರ್ ಇದೆಯಾ, ಪಿರಮಿಡ್ ಒಳಗೆ ಹೋಗುವ ಟಿಕೆಟ್ ಬೇರೆಯಾ, ಅಂಗಡಿಗೆ ಕರೆದುಕೊಂಡು ಹೋಗುತ್ತೀರಾ. ಕೊನೆಯ ಪ್ರಶ್ನೆ ಮುಖ್ಯ. 'ಅಂಗಡಿ ಬೇಡ' ಅಂತ ಬರಹದಲ್ಲಿ ಹೇಳಿಸಿಕೊಳ್ಳಿ. ನನ್ನ ಮೊದಲ ಟೂರ್‌ನಲ್ಲಿ ಇದನ್ನು ಕೇಳಿರಲಿಲ್ಲ. ಪಪೈರಸ್ ಅಂಗಡಿಯಲ್ಲಿ ಬಿಟ್ಟಿ ಟೀ ಕುಡಿಯುತ್ತಾ ಒಂದು ಗಂಟೆ ಹೋಯಿತು. ಆ ಒಂದು ಗಂಟೆಯನ್ನು ದಹಶೂರ್‌ನಲ್ಲಿ ಕಳೆಯಬಹುದಿತ್ತು.

ದುಡ್ಡಿನ ವಿಷಯ. ದೊಡ್ಡ ಜಾಗಗಳ ಟಿಕೆಟ್ ಕೌಂಟರ್‌ನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಮಾತ್ರ. ವಿದೇಶದಲ್ಲಿ ನಡೆಯುವ ಕಾರ್ಡ್ ಎರಡಿದ್ದರೆ ಒಳ್ಳೆಯದು. ಟಿಕೆಟ್ ದರ ಆಗಾಗ ಏರುತ್ತಿರುತ್ತದೆ, ಹೋಗುವ ವಾರದಲ್ಲೇ ನೋಡಿಕೊಳ್ಳಿ, ಹಳೇ ಪ್ರವಾಸಕಥನ ನಂಬಬೇಡಿ. ಇದರ ಜೊತೆಗೆ ಹತ್ತು, ಇಪ್ಪತ್ತು ಈಜಿಪ್ಟ್ ಪೌಂಡಿನ ಚಿಲ್ಲರೆ ನೋಟು ಜೇಬಿನಲ್ಲಿರಲಿ. ಟಾಯ್ಲೆಟ್‌ಗೆ, ನೀರಿಗೆ, ಮತ್ತೆ ಬಕ್ಷೀಷ್‌ಗೆ. ಸಮಾಧಿಯೊಳಗೆ ಕಾವಲುಗಾರ ಸುಮ್ನೆ ಟಾರ್ಚ್ ಬಿಟ್ಟು 'ಬಾ ಬಾ' ಅಂತ ಮೂಲೆಯೊಂದನ್ನು ತೋರಿಸಿದನೋ, ಕೈ ಚಾಚುತ್ತಾನೆ ಅಂತಲೇ ಅರ್ಥ. ಬೇಡವಾದರೆ ಹಿಂದೆ ಹೋಗಬೇಡಿ.

ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಹೋದರೆ ಸುಖ. ಬೇಸಿಗೆಯಲ್ಲಿ ಅಲ್ಲಿ ನೆರಳೇ ಇಲ್ಲ, ಮಧ್ಯಾಹ್ನ ಕಲ್ಲು ಕಾದು ಕೂರಲೂ ಆಗುವುದಿಲ್ಲ. ರಂಜಾನ್ ತಿಂಗಳಲ್ಲಿ ಬೇಗ ಮುಚ್ಚುತ್ತಾರೆ. ಆಗ ಈ ಕ್ರಮ ಬಿಗಿಯಾಗುತ್ತದೆ, ದಹಶೂರ್‌ನಿಂದ ಬೇಗ ಹೊರಡಬೇಕು. ಟೋಪಿ, ನೀರು, ಹಿಡಿತ ಇರುವ ಬೂಟು. ಧೂಳಿಗೆ ಒಂದು ತೆಳು ಬಟ್ಟೆ.

ಸಕ್ಕಾರಕ್ಕೆ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಇರಿ. ಕೈರೋದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್. ಇಲ್ಲಿರುವುದು ಜೋಸರ್ ರಾಜನ ಮೆಟ್ಟಿಲು ಪಿರಮಿಡ್, ಕ್ರಿ.ಪೂ. 2650ರ ಸುಮಾರಿನದು, ಮಾಡಿಸಿದವನು ಅವನ ಮಂತ್ರಿ ಇಮ್ಹೋಟೆಪ್. ಅಲ್ಲಿಯವರೆಗೆ ರಾಜರನ್ನು ಮಸ್ತಾಬಾ ಅನ್ನುವ ಚಪ್ಪಟೆ ಕಟ್ಟಡದ ಕೆಳಗೆ ಹೂಳುತ್ತಿದ್ದರು. ಅದರ ಮೇಲೊಂದು, ಅದರ ಮೇಲೊಂದು ಸಣ್ಣದು ಅಂತ ಆರು ಹಂತ ಪೇರಿಸಿದರೆ ಏನಾಗುತ್ತದೋ ಅದೇ ಇದು. ಆದರೆ ಪಿರಮಿಡ್‌ಗಿಂತ ಮೊದಲು ಪ್ರವೇಶದ ಕಂಬಗಳ ಸಾಲಿನಲ್ಲಿ ನಿಂತುಕೊಳ್ಳಿ. ಕಂಬಗಳು ಜೊಂಡಿನ ಕಟ್ಟುಗಳ ಹಾಗೆ ಕೆತ್ತಿವೆ, ತಲೆ ಎತ್ತಿದರೆ ಚಾವಣಿ ಮರದ ದಿಮ್ಮಿಗಳ ಹಾಗೆ ಕಾಣುತ್ತದೆ, ಎಲ್ಲಾ ಕಲ್ಲೇ. ಅಲ್ಲಿವರೆಗೆ ಜೊಂಡು, ಮರ, ಮಣ್ಣಿನಲ್ಲಿ ಕಟ್ಟುತ್ತಿದ್ದ ಜನ, ಮೊದಲ ಸಲ ಇಷ್ಟು ದೊಡ್ಡದಾಗಿ ಕಲ್ಲು ಹಿಡಿದಾಗ ಅದಕ್ಕೂ ಜೊಂಡಿನ ವೇಷ ಹಾಕಿಸಿದ್ದಾರೆ! ನನಗೆ ಇಡೀ ದಿನದಲ್ಲಿ ಜಾಸ್ತಿ ಇಷ್ಟವಾದ ಜಾಗ ಇದು. ಹೆಚ್ಚಿನ ಗುಂಪುಗಳು ಇಲ್ಲಿ ನಿಲ್ಲದೆ ದಾಟಿ ಹೋಗುತ್ತವೆ.

ಆಮೇಲೆ ತೇತಿ ರಾಜನ ಪಿರಮಿಡ್. ಹೊರಗಿಂದ ನೋಡಿದರೆ ಮಣ್ಣುದಿಬ್ಬ, ಒಳಗಿಳಿದರೆ ಗೋಡೆ ತುಂಬಾ ಲಿಪಿ. ಸತ್ತ ರಾಜ ಮೇಲಿನ ಲೋಕಕ್ಕೆ ಹೋಗಲಿ ಅಂತ ಕೆತ್ತಿದ ಮಂತ್ರಗಳು. ಗೀಜಾದ ಪಿರಮಿಡ್‌ಗಳ ಒಳಗೆ ಇಂಥದ್ದು ಒಂದು ಸಾಲೂ ಸಿಗುವುದಿಲ್ಲ. ಪಕ್ಕದಲ್ಲೇ ಮೆರೆರುಕ ಎಂಬ ಮಂತ್ರಿಯ ಸಮಾಧಿ, ಅದರ ಗೋಡೆಗಳಲ್ಲಿ ಮೀನು ಹಿಡಿಯುವವರು, ದನ, ಹಕ್ಕಿ, ನೀರುಕುದುರೆ. ಸಕ್ಕಾರದ ಕೆಲವು ಸಮಾಧಿಗಳಿಗೆ ಬೇರೆ ಟಿಕೆಟ್ ಬೇಕು, ಕೌಂಟರ್‌ನಲ್ಲೇ ತೀರ್ಮಾನ ಮಾಡಿಬಿಡಿ. ಗೈಡ್ 'ಮೆಂಫಿಸ್‌ಗೂ ಹೋಗೋಣ' ಅನ್ನಬಹುದು. ಅದು ಹಳೇ ರಾಜಧಾನಿ, ಅಲ್ಲಿ ಎರಡನೇ ರಾಮ್ಸೆಸ್ ರಾಜನ ಮಲಗಿದ ದೊಡ್ಡ ಮೂರ್ತಿ ಇದೆ, ಚೆನ್ನಾಗಿಯೇ ಇದೆ, ಆದರೆ ಸಮಯ ಕಡಿಮೆ ಇದ್ದರೆ ಬಿಟ್ಟುಬಿಡಬಹುದು.

ದಹಶೂರ್ ಮಾತ್ರ ಬಿಡಬೇಡಿ. ಸಕ್ಕಾರದಿಂದ ಕಾರಿನಲ್ಲಿ ಸ್ವಲ್ಪವೇ ದೂರ, ಜನವೂ ಕಡಿಮೆ. ಇಲ್ಲಿನ ಎರಡೂ ದೊಡ್ಡ ಪಿರಮಿಡ್ ಸ್ನೆಫೆರು ರಾಜನವು, ಅಂದರೆ ಗೀಜಾದ ಅತಿ ದೊಡ್ಡ ಪಿರಮಿಡ್ ಕಟ್ಟಿಸಿದ ಖುಫುವಿನ ಅಪ್ಪ. ಮೊದಲನೆಯದು ಬಾಗಿದ ಪಿರಮಿಡ್. ಕೆಳಗೆ ಸುಮಾರು 54 ಡಿಗ್ರಿ ಇಳಿಜಾರಿನಲ್ಲಿ ಹೊರಟು, ಮಧ್ಯದಲ್ಲಿ ಸುಮಾರು 43ಕ್ಕೆ ತಗ್ಗಿದೆ. ಕಟ್ಟುತ್ತಿರುವಾಗಲೇ ಬಿರುಕು ಬಿಟ್ಟು, ಭಾರ ಕಡಿಮೆ ಮಾಡಲು ಹೀಗೆ ತಗ್ಗಿಸಿದರು ಅನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಆಮೇಲೆ ಹತ್ತಿರದಲ್ಲೇ ಕೆಂಪು ಪಿರಮಿಡ್, ತಳದಿಂದಲೇ 43 ಡಿಗ್ರಿ, ಎತ್ತರ ಸುಮಾರು 105 ಮೀಟರ್. ತಪ್ಪು ಮಾಡಿ, ಕಲಿತು, ಸರಿ ಮಾಡಿದ್ದು ಎರಡೂ ಒಂದೇ ಮರಳಿನಲ್ಲಿ ಕಣ್ಣೆದುರಿಗಿವೆ.

ಪಿರಮಿಡ್ ಒಳಗೆ ಹೋಗಲೇಬೇಕು ಅಂತಿದ್ದರೆ ಇಲ್ಲೇ ಹೋಗಿ. ದಹಶೂರ್ ಟಿಕೆಟ್‌ನಲ್ಲೇ ಕೆಂಪು ಪಿರಮಿಡ್ ಒಳಗೂ ಬಿಡುತ್ತಾರೆ. ಮೊದಲು ಹೊರಗಿನಿಂದ ಮೆಟ್ಟಿಲು ಹತ್ತಬೇಕು, ಆಮೇಲೆ 60 ಮೀಟರ್ ದಾಟುವ ಇಳಿಜಾರು ಸುರಂಗ, ಅದರ ಎತ್ತರ ಒಂದು ಮೀಟರ್ ಇದ್ದರೆ ಹೆಚ್ಚು. ಬೆನ್ನು ಬಗ್ಗಿಸಿ, ಮುಖ ಹಿಂದಕ್ಕೆ ಮಾಡಿ ಏಣಿ ಇಳಿದ ಹಾಗೆ ಇಳಿಯುವುದು ಸುಲಭ. ಗೈಡ್ ಸಾಮಾನ್ಯವಾಗಿ ಒಳಗೆ ಬರುವುದಿಲ್ಲ, ಕೇಳುವುದೆಲ್ಲಾ ಹೊರಗೇ ಕೇಳಿಕೊಳ್ಳಿ. ಒಳಗೆ ಅಮೋನಿಯಾದಂಥ ಘಾಟು ವಾಸನೆ ಹೊಡೆಯುತ್ತದೆ. ಆದರೆ ಕೋಣೆಯಲ್ಲಿ ನಿಂತು ಟಾರ್ಚ್ ಮೇಲಕ್ಕೆ ಹಿಡಿದರೆ, ಎರಡೂ ಕಡೆಯಿಂದ ಕಲ್ಲುಗಳು ಒಂದೊಂದೇ ಸಾಲು ಮುಂದೆ ಬಂದು ತುದಿಯಲ್ಲಿ ಕೂಡಿಕೊಂಡಿವೆ, ಸುಮಾರು 12 ಮೀಟರ್ ಎತ್ತರಕ್ಕೆ. ಮಂಡಿ ನೋವು, ಉಬ್ಬಸ, ಇಕ್ಕಟ್ಟಿನ ಭಯ ಇದ್ದವರು ಬೇಡ. ಬೇರೆಯವರಿಗೂ ಮರುದಿನ ತೊಡೆ ಹಿಡಿದುಕೊಳ್ಳುತ್ತದೆ, ನನಗಂತೂ ಎರಡು ದಿನ ಮೆಟ್ಟಿಲು ಕಂಡರೆ ಕೋಪ ಬರುತ್ತಿತ್ತು.

ಮಧ್ಯಾಹ್ನ ಗೀಜಾ. ಬೆಳಗಿನ ಬಸ್ಸುಗಳು ಅಷ್ಟು ಹೊತ್ತಿಗೆ ಹೊರಟಿರುತ್ತವೆ. ಒಳಗೆ ಬಿಡುವ ಕೊನೆಯ ಸಮಯ ಎಷ್ಟು ಅಂತ ಹಿಂದಿನ ದಿನವೇ ಗೈಡ್‌ಗೆ ಕೇಳಿಟ್ಟುಕೊಳ್ಳಿ. 2025ರಿಂದ ಫಯೂಮ್ ರಸ್ತೆ ಕಡೆಯ ಹೊಸ ಪ್ರವೇಶದಲ್ಲಿ ಕಾರು ಬಿಟ್ಟು ಅವರ ಎಲೆಕ್ಟ್ರಿಕ್ ಬಸ್ಸಿನಲ್ಲಿ ಹೋಗುವ ವ್ಯವಸ್ಥೆ ಬಂದಿದೆ. ಬಸ್ಸು ಬೇಕಾದ ಕಡೆ ಹತ್ತಿ ಇಳಿಯಬಹುದು.

ದಹಶೂರ್ ನೋಡಿ ಬಂದ ಕಣ್ಣಿಗೆ ಖುಫು ಪಿರಮಿಡ್ ಬೇರೆಯೇ ಥರ ಕಾಣುತ್ತದೆ. ಅಪ್ಪ ಹೆದರಿ ಬಿಟ್ಟ ಇಳಿಜಾರನ್ನು ಮಗ ಮತ್ತೆ ಕೈಗೆತ್ತಿಕೊಂಡು 52 ಡಿಗ್ರಿ ಹತ್ತಿರ ನಿಲ್ಲಿಸಿದ್ದಾನೆ. ಮೂಲ ಎತ್ತರ 146 ಮೀಟರ್ ಚಿಲ್ಲರೆ, ಈಗ 138. ಜೋಸರ್‌ನಿಂದ ಇಲ್ಲಿಗೆ ನೂರು ವರ್ಷದ ಆಸುಪಾಸು ಅಷ್ಟೇ. ಪಕ್ಕದ, ಖುಫುವಿನ ಮಗ ಖಾಫ್ರೆಯದು ಇನ್ನೂ ದೊಡ್ಡದು ಅನ್ನಿಸುತ್ತದೆ, ಮೋಸ ಹೋಗಬೇಡಿ, ಅದು ಎತ್ತರದ ಬಂಡೆ ಮೇಲಿದೆ. ಅದರ ತುದಿಯಲ್ಲಿ ಉಳಿದಿರುವ ನುಣುಪು ಹೊದಿಕೆ ನೋಡಿದರೆ, ಎಲ್ಲಾ ಪಿರಮಿಡ್‌ಗಳೂ ಮೊದಲು ಹೇಗಿದ್ದವು ಅಂತ ಅಂದಾಜು ಸಿಗುತ್ತದೆ. ಮೂರನೆಯದಾದ ಮೆಂಕೌರೆ ರಾಜನ ಪಿರಮಿಡ್‌ನ ಉತ್ತರ ಮುಖದಲ್ಲಿ ದೊಡ್ಡ ಗಾಯ ಇದೆ. 12ನೇ ಶತಮಾನದ ಕೊನೆಯಲ್ಲಿ ಸುಲ್ತಾನ ಸಲಾದೀನನ ಮಗ ಕೀಳಿಸಲು ಹೋಗಿ, ತಿಂಗಳುಗಟ್ಟಲೆ ಒದ್ದಾಡಿ ಕೈಬಿಟ್ಟಿದ್ದು. ಸಿಂಹದ ಮೈ, ಮನುಷ್ಯನ ತಲೆಯ ಸ್ಫಿಂಕ್ಸ್‌ನ ಮೂಗನ್ನು ನೆಪೋಲಿಯನ್ ಹೊಡೆಸಿದ ಅಂತ ಯಾರಾದರೂ ಹೇಳಿದರೆ ನಕ್ಕುಬಿಡಿ, ಅವನು ಹುಟ್ಟುವ ಮೊದಲಿನ ಚಿತ್ರಗಳಲ್ಲೇ ಮೂಗಿಲ್ಲ.

ಒಂಟೆ ಹತ್ತುವುದು ನಿಮ್ಮಿಷ್ಟ. ಹತ್ತುವ ಮೊದಲೇ ಎಷ್ಟು ಹೊತ್ತು, ಎಷ್ಟು ದುಡ್ಡು, ಯಾವ ದೇಶದ ದುಡ್ಡು ಅಂತ ಗೈಡ್ ಎದುರಿಗೇ ಮಾತಾಡಿ, ಇಳಿಸುವುದೂ ಆ ರೇಟಿನಲ್ಲೇ ಸೇರಿದೆ ಅಂತ ಹೇಳಿಸಿ. ಯಾರಾದರೂ 'ಗಿಫ್ಟ್' ಅಂತ ತಲೆಗೆ ಬಟ್ಟೆ ಕಟ್ಟಲು ಬಂದರೆ 'ಲಾ ಶುಕ್ರನ್' (ಬೇಡ, ಥ್ಯಾಂಕ್ಸ್) ಅಂದು ನಡೆಯುತ್ತಿರಿ. ನಿಂತರೆ ಮಾತು ಶುರು. ಪಿರಮಿಡ್ ಕಲ್ಲು ಹತ್ತುವುದು ಕಾನೂನುಬಾಹಿರ, ಹತ್ತಿಸುತ್ತೇನೆ ಅನ್ನುವವನ ಮಾತು ಕೇಳಬೇಡಿ.

ಗೀಜಾ ಹತ್ತಿರದ ಗ್ರಾಂಡ್ ಈಜಿಪ್ಷಿಯನ್ ಮ್ಯೂಸಿಯಂ ಅನ್ನು ಇದೇ ದಿನಕ್ಕೆ ತುರುಕಬೇಡಿ. ತುತಾಂಖಾಮನ್ ರಾಜನ ಸಮಾಧಿಯ 5,000ಕ್ಕೂ ಹೆಚ್ಚು ವಸ್ತುಗಳು, ಖುಫುವಿನ ಮರದ ದೋಣಿ, ಎಲ್ಲಾ ಈಗ ಅಲ್ಲಿವೆ. ಅದಕ್ಕೆ ಬೇರೆ ದಿನ ಬೇಕು. ಇವತ್ತಿಗೆ ವಾಪಸ್ ಕೈರೋಗೆ ಹೋಗುವಾಗ ಕೊಶರಿ ಅಂಗಡಿ ಮುಂದೆ ನಿಲ್ಲಿಸಲು ಡ್ರೈವರ್‌ಗೆ ಹೇಳಿ. ಅನ್ನ, ಮಸೂರ, ಪಾಸ್ತಾ, ಕಡಲೆ, ಮೇಲೆ ಟೊಮ್ಯಾಟೊ ಸಾರು, ಗರಿಗರಿ ಈರುಳ್ಳಿ. ದೊಡ್ಡ ಬಟ್ಟಲೇ ತೆಗೆದುಕೊಳ್ಳಿ.