ಆಟಿಸಂ, ಎಡಿಎಚ್‌ಡಿ ಎರಡೂ ಇದ್ದವರು ಓದಿಗೆ ಕೂರುವ ಬಗೆ

"ಟೈಮ್‌ಟೇಬಲ್ ಹಾಕ್ಕೊಂಡು ಶಿಸ್ತಾಗಿ ಓದು" ಅನ್ನುವ ಸಲಹೆ ಅರ್ಧ ತಲೆಗೆ ಮಾತ್ರ ಸರಿಹೋಗುತ್ತದೆ. ನನಗೆ ಆಟಿಸಂ (ಒಂದೇ ಕ್ರಮ, ಪರಿಚಿತ ರೂಢಿ ಬೇಕೆನಿಸುವ, ಸದ್ದು-ಬೆಳಕು ಬೇಗ ತಾಗುವ ಮನಸ್ಸು), ಎಡಿಎಚ್‌ಡಿ (ಗಮನ ನಿಲ್ಲಿಸುವುದೂ ಸುಮ್ಮನೆ ಕೂರುವುದೂ ಕಷ್ಟವಾಗುವ ಸ್ಥಿತಿ) ಎರಡೂ ಇವೆ. ಆಟಿಸಂಗೆ ದಿನವೂ ಅದೇ ಕುರ್ಚಿ, ಅದೇ ಹೊತ್ತು, ಅದೇ ಪೆನ್ನು ಬೇಕು. ಎಡಿಎಚ್‌ಡಿಗೆ ವಾರ ಕಳೆಯುವುದರೊಳಗೆ ಅದೆಲ್ಲ ಬೇಜಾರು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂನ ಹಿಂದಿನ ಆವೃತ್ತಿಯ ಪ್ರಕಾರ ಈ ಎರಡನ್ನೂ ಒಬ್ಬರಲ್ಲೇ ಗುರುತಿಸುವ ಹಾಗಿರಲಿಲ್ಲ. 2013ರ ಐದನೇ ಆವೃತ್ತಿ ಆ ನಿರ್ಬಂಧ ತೆಗೆಯಿತು. ಒಂದೊಂದಕ್ಕೆ ಬೇರೆಬೇರೆಯಾಗಿ ಹೇಳಿದ ಸಲಹೆಗಳು ಒಂದಕ್ಕೊಂದು ಜಗಳವಾಡುವುದನ್ನು ಕಂಡವರಿಗೆ ಇದನ್ನು ಬರೆಯುತ್ತಿದ್ದೇನೆ.

ನನಗೆ ಒಗ್ಗಿದ್ದು ಇಷ್ಟು: ಚೌಕಟ್ಟು ಖಾಯಂ, ಒಳಗಿನದು ಬದಲಾಗಲಿ. ಬಾಟಲಿಗೆ ನೀರು ತುಂಬಿಸುವುದು, ಫೋನನ್ನು ಬೇರೆ ಕೋಣೆಯಲ್ಲಿಡುವುದು, ಹೆಡ್‌ಫೋನ್ ಹಾಕುವುದು, ಟೈಮರ್ ತಿರುಗಿಸುವುದು. ದಿನವೂ ಇದೇ ಸರದಿ, ಇದೇ ಮೇಜು. ಆದರೆ ಏನು ಓದಬೇಕೆಂದು ಮೊದಲೇ ಗಟ್ಟಿ ಮಾಡುವುದಿಲ್ಲ. ಆ ವಾರ ಮುಗಿಯಲೇಬೇಕಾದ ಕೆಲಸಗಳನ್ನು ಚೀಟಿಗಳಲ್ಲಿ ಬರೆದಿಟ್ಟು, ಕೈಗೆ ಬಂದ ಮೂರನ್ನು ಎತ್ತಿ, ಅದರಲ್ಲೊಂದನ್ನು ಆರಿಸುತ್ತೇನೆ. ಓದುವ ಬಗೆಯೂ ಬದಲಾಗಬಹುದು: ಇವತ್ತು ನಿಂತು ಬೋರ್ಡಿನ ಮೇಲೆ ಬರೆಯುವುದು, ನಾಳೆ ಓಡಾಡುತ್ತ ಗಟ್ಟಿಯಾಗಿ ಹೇಳಿಕೊಳ್ಳುವುದು. ಕಾಲು ಅಲ್ಲಾಡಿಸಬೇಡ, ಒಂದು ಕಡೆ ಕೂರು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಕಾಲು ಅಲ್ಲಾಡುತ್ತಿದ್ದರೇ ನನ್ನ ತಲೆ ನಿಲ್ಲುವುದು.

ನಿಜವಾದ ಕಷ್ಟ ಇರುವುದು ಓದುವುದರಲ್ಲಿ ಅಲ್ಲ, ಶುರು ಮಾಡುವುದರಲ್ಲಿ. "ಜೀವಶಾಸ್ತ್ರ ಓದಬೇಕು" ಎಂದು ಚೀಟಿಯಲ್ಲಿ ಬರೆದರೆ ಅದನ್ನು ನೋಡುತ್ತ ಸಂಜೆ ಕಳೆಯಬಹುದು, ಪುಸ್ತಕ ಮಾತ್ರ ತೆರೆಯುವುದಿಲ್ಲ. ಅದರ ಬದಲು ಕೈ ಮಾಡಬಹುದಾದ ಕೆಲಸ ಬರೆಯಿರಿ: "112ನೇ ಪುಟ ತೆಗೆದು ಹೃದಯದ ಚಿತ್ರ ಬರಿ, ನಾಲ್ಕು ಕೋಣೆಗಳ ಹೆಸರು ಹಾಕು." ಇದರಲ್ಲಿ ಯೋಚಿಸಿ ತೀರ್ಮಾನಿಸುವಂಥದ್ದೇನೂ ಉಳಿದಿಲ್ಲ, ಅದಕ್ಕೇ ಕೈ ಮುಂದೆ ಹೋಗುತ್ತದೆ. ಹಾಗೆಯೇ, ಎದ್ದೇಳುವ ಮುಂಚೆ ಎಲ್ಲಿ ನಿಲ್ಲಿಸಿದಿರಿ ಎಂದು ಬರೆದಿಡಿ. ಪುಟದ ಸಂಖ್ಯೆ ಸಾಲದು. ನನ್ನ ಚೀಟಿಗಳು ಹೀಗಿರುತ್ತವೆ: "ಪುಟ 84, ಎರಡನೇ ಸಾಲಲ್ಲಿ ಮೈನಸ್ ಎಲ್ಲಿಂದ ಬಂತು? ಮೇಲಿನ ಸೂತ್ರ ನೋಡು." ಮಾರನೇ ದಿನ ಕೂತಾಗ ಉತ್ತರ ಕೇಳುವ ಪ್ರಶ್ನೆಯೊಂದು ಕಾದಿರುತ್ತದೆ. ಶುರು ಮಾಡಲು ನನಗೆ ಇದಕ್ಕಿಂತ ಒಳ್ಳೆಯ ಕೊಕ್ಕೆ ಸಿಕ್ಕಿಲ್ಲ.

ಅದಕ್ಕೂ ಅಲುಗದ ದಿನ ಅಕ್ಕನನ್ನು ಕರೆಯುತ್ತೇನೆ. ಅವಳು ಎದುರಿಗೆ ಕೂತು ತನ್ನ ಆಫೀಸ್ ಕೆಲಸ ಮಾಡುತ್ತಾಳೆ. ನನಗೆ ಏನೂ ಹೇಳಿಕೊಡುವುದಿಲ್ಲ, ಎಷ್ಟಾಯಿತು ಎಂದು ಕೇಳುವುದೂ ಇಲ್ಲ (ಕೇಳಬಾರದು ಅಂತ ಮೊದಲೇ ಒಪ್ಪಂದ). ಇದಕ್ಕೆ ಬಾಡಿ ಡಬ್ಲಿಂಗ್ ಅನ್ನುತ್ತಾರೆ. ವಿಡಿಯೋ ಕಾಲ್‌ನಲ್ಲಿ ಗೆಳತಿ ಮ್ಯೂಟ್ ಮಾಡಿಕೊಂಡು ಕೂತರೂ ನಡೆಯುತ್ತದೆ.

25 ನಿಮಿಷ ಓದು, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಪದ್ಧತಿಯನ್ನು ಎಲ್ಲರೂ ಹೇಳುತ್ತಾರೆ. ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಗೆ ತನ್ನ ಓದಿಗೆಂದು ಮಾಡಿಕೊಂಡದ್ದು ಅದು. ನಮಗೆ ಅದೇ ಅಳತೆ ಯಾಕೆ? ಪಾಠದೊಳಗೆ ಇಳಿಯುವುದಕ್ಕೇ ನನಗೆ ಇಪ್ಪತ್ತು ನಿಮಿಷ ಬೇಕು. ಇಳಿದ ಮೇಲೆ ಗಂಟೆ ಬಾರಿಸಿದರೆ ಮತ್ತೆ ಮೊದಲಿಂದ. 2005ರಲ್ಲಿ ಆಟಿಸಂ ಸಂಶೋಧಕಿ ಡೈನಾ ಮರ್ರೆ ಮತ್ತು ಇಬ್ಬರು ಸಹಲೇಖಕರು ಬರೆದ ಪ್ರಬಂಧವೊಂದು ಆಟಿಸಂ ಇರುವವರ ಗಮನ ಒಂದೇ ಕಡೆ ಆಳವಾಗಿ ಹರಿಯುತ್ತದೆ ಎಂದು ವಾದಿಸುತ್ತದೆ. ಇದಕ್ಕೆ ಮೊನೊಟ್ರೋಪಿಸಂ ಅನ್ನುತ್ತಾರೆ. ನನ್ನ ಮಟ್ಟಿಗೆ ಅದು ಪೂರ್ತಿ ನಿಜ. ಹಾಗಾಗಿ ದಿನಕ್ಕೆ ಐದು ವಿಷಯದ ಬದಲು ಎರಡೇ ಇಟ್ಟುಕೊಂಡಿದ್ದೇನೆ. ಟೈಮರ್ ಇಡುವುದು ಓದು ಚೆನ್ನಾಗಿ ಸಾಗುವ ದಿನ 50 ನಿಮಿಷಕ್ಕೆ, ಆಗದ ದಿನ 10ಕ್ಕೆ.

ಆದರೆ ಆಳಕ್ಕಿಳಿದವರನ್ನು ಮೇಲೆತ್ತಲು ಏನಾದರೂ ಬೇಕು. ಹಸಿವು, ಬಾಯಾರಿಕೆ, ಬಾತ್‌ರೂಮಿಗೆ ಹೋಗಬೇಕೆನ್ನುವುದು ನಮ್ಮಲ್ಲಿ ಹಲವರಿಗೆ ಹೊತ್ತು ಮೀರಿದ ಮೇಲೆ ತಿಳಿಯುತ್ತದೆ. ಎದ್ದು ಹೋಗಿ ಆರಿಸಬೇಕಾದಷ್ಟು ದೂರದಲ್ಲಿ ಅಲಾರಂ ಇಡಿ. ಎದ್ದಾಗ ನೀರು, ಊಟ, ಬಾತ್‌ರೂಮು ಮೂರನ್ನೂ ಕೇಳಿಕೊಳ್ಳಿ.

ಓದಿದ್ದು ಉಳಿಯಬೇಕಾದರೆ ಪುಸ್ತಕ ಮುಚ್ಚಬೇಕು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ, ಓದಿದ್ದನ್ನು ನೆನಪಿಸಿಕೊಂಡು ಬರೆದು ನೋಡಿದವರು ಮುಂದೆ. ಬಣ್ಣದ ಹೈಲೈಟರ್‌ನಿಂದ ಅಂದವಾದ ನೋಟ್ಸ್ ಮಾಡುವುದು ನನಗೂ ತುಂಬ ಇಷ್ಟ. ಆದರೆ ಅದನ್ನು ಓದಿನ ಲೆಕ್ಕಕ್ಕೆ ಸೇರಿಸುವುದಿಲ್ಲ.

ಇನ್ನು ಪ್ರಶ್ನೆಪತ್ರಿಕೆಯ ಭಾಷೆ. "ಅರಣ್ಯನಾಶದ ಬಗ್ಗೆ ಚರ್ಚಿಸಿ" ಅಂದರೆ ಯಾರ ಜೊತೆ, ಎಲ್ಲಿಯ ತನಕ? ಮಿಕ್ಕವರಿಗೆ ಹೇಳದೆಯೂ ತಿಳಿಯುವುದು ನಮಗೆ ತಿಳಿಯದಿದ್ದರೆ ದಡ್ಡತನವಲ್ಲ. ಹಳೆಯ ಪ್ರಶ್ನೆಪತ್ರಿಕೆ, ಮಾದರಿ ಉತ್ತರ ಎರಡನ್ನೂ ಪಕ್ಕದಲ್ಲಿಟ್ಟು ನಿಮ್ಮದೇ ಪಟ್ಟಿ ಮಾಡಿ. ನನ್ನದರಲ್ಲಿ "ಚರ್ಚಿಸಿ" ಎದುರಿಗೆ ಹೀಗಿದೆ: ಕಾರಣಗಳು, ಪರಿಣಾಮಗಳು, ಬೇರೆ ಅಭಿಪ್ರಾಯ, ಕೊನೆಗೆ ನನ್ನ ನಿಲುವು. 10 ಅಂಕಕ್ಕೆ ಎಷ್ಟು ಪುಟ ಬೇಕು ಎಂದು ಟೀಚರ್‌ಗೆ ಈಮೇಲ್ ಮಾಡಿ ಕೇಳಿ. ಎದುರಿಗೆ ಕೇಳಿದ್ದು ಮರೆತುಹೋಗುತ್ತದೆ, ಈಮೇಲ್ ಅಲ್ಲೇ ಇರುತ್ತದೆ.

ತರಗತಿಯಿಂದ ಬಂದ ಕೂಡಲೇ ಪುಸ್ತಕ ಹಿಡಿಯಬೇಡಿ. ದಿನವಿಡೀ ಸದ್ದು, ಟ್ಯೂಬ್‌ಲೈಟು, ಮುಖದ ಮೇಲೊಂದು ನಗು ಇಟ್ಟುಕೊಂಡಿರುವ ಶ್ರಮ, ಇದೆಲ್ಲ ಇಳಿಯಲು ಕತ್ತಲೆ ಕೋಣೆಯಲ್ಲಿ ಸುಮ್ಮನೆ ಬಿದ್ದುಕೊಳ್ಳುವುದನ್ನೂ ಟೈಮ್‌ಟೇಬಲ್ಲಿಗೇ ಸೇರಿಸಿ. ಎಡಿಎಚ್‌ಡಿಗೆ ಔಷಧ ತೆಗೆದುಕೊಳ್ಳುವವರು ಅದರ ಪ್ರಭಾವ ಇರುವ ಹೊತ್ತು ಯಾವುದೆಂದು ವೈದ್ಯರನ್ನು ಕೇಳಿ, ಕಷ್ಟದ ವಿಷಯವನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ.

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬೇರೆ ಕೋಣೆ, ಮಧ್ಯೆ ಬಿಡುವು ಬೇಕಿದ್ದರೆ ವರ್ಷದ ಆರಂಭದಲ್ಲೇ ಅರ್ಜಿ ಕೊಡಿ. ಜೊತೆಗೆ ವೈದ್ಯರ ಪತ್ರದ ನಕಲು ಇರಲಿ. "ತೊಂದರೆಯಾಗುತ್ತದೆ" ಅನ್ನುವುದಕ್ಕಿಂತ "ಪಕ್ಕದವರು ಪೆನ್ನು ಕುಟ್ಟಿದರೆ ಓದಿದ ಸಾಲನ್ನೇ ಮತ್ತೆ ಓದಬೇಕಾಗುತ್ತದೆ, ಆದ್ದರಿಂದ ಬೇರೆ ಕೋಣೆ ಬೇಕು" ಎಂದು ಬರೆದರೆ ಓದುವವರಿಗೆ ಅರ್ಥವಾಗುತ್ತದೆ. ಹಿಂದಿನ ದಿನ ಹೋಗಿ ಕೋಣೆ ನೋಡಲು ಅನುಮತಿಯನ್ನೂ ಅದೇ ಅರ್ಜಿಯಲ್ಲಿ ಕೇಳಿಬಿಡಿ.